ಚಾಳಿನ ಜ್ವರದಿಂದ ಮುಂಬಯಿ ಪ್ಲೇಗಿನವರೆಗೆ: ಜೀವವಿಜ್ಞಾನದ ಗಣಿತ ಮಾದರಿಯನ್ನು ಮೊದಲ ಸಲ ಕಟ್ಟುವ ಬಗೆ

ಪುಣೆಯಲ್ಲಿ ಜೀವವಿಜ್ಞಾನದ ಎಂ.ಎಸ್ಸಿ. ಓದುತ್ತಿರುವ ನನ್ನ ತಂಗಿಯ ಮಗಳು ದೀಪಾವಳಿ ರಜೆಗೆ ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಮನೆಗೆ ಬಂದಾಗ, ಫರಾಳದ ತಟ್ಟೆ ಬದಿಗಿಟ್ಟು ಲ್ಯಾಪ್‌ಟಾಪ್ ತೆರೆದು, “ಮಾಮಾ, ಪೈಥಾನ್ ಕಲ್ತೀನಿ, ಆದ್ರ ಮಾಡೆಲ್ ಎಲ್ಲಿಂದ ಶುರು ಮಾಡ್ಬೇಕು ಗೊತ್ತಾಗವಲ್ದು” ಎಂದಳು. ಅವಳ ತೊಂದರೆ ಅವಳೊಬ್ಬಳದಲ್ಲ. ಜೀವವಿಜ್ಞಾನದ ವಿದ್ಯಾರ್ಥಿಗಳಿಗೆ ಗಣಿತ ಮಾದರಿಯೆಂದರೆ ಸಮೀಕರಣಗಳ ಕಂತೆ ಎಂದೂ, ಗಣಿತದ ವಿದ್ಯಾರ್ಥಿಗಳಿಗೆ ಜೀವವಿಜ್ಞಾನವೆಂದರೆ ಹೆಸರುಗಳ ಕಂತೆ ಎಂದೂ ತೋರುತ್ತದೆ. ಆ ನಾಲ್ಕು ದಿನ ನಾವಿಬ್ಬರೂ ಊಟದ ಮೇಜಿನ ಮೇಲೆ ಮಾಡಿದ ಕೆಲಸವನ್ನೇ, ಮಾಡಿದ ಕ್ರಮದಲ್ಲಿಯೇ, ಇಲ್ಲಿ ಬರೆಯುತ್ತಿದ್ದೇನೆ. ಹನ್ನೆರಡನೆಯ ತರಗತಿಯ ಗಣಿತ, ಒಂದು ಸ್ಪ್ರೆಡ್‌ಶೀಟ್ ಮತ್ತು ಮಕ್ಕಳ ಲೂಡೋ ಡಬ್ಬಿಯಿಂದ ತೆಗೆದ ಒಂದು ದಾಳ ಇದ್ದರೆ ಸಾಕು.

ಮೊದಲು ಪ್ರಶ್ನೆ, ಆಮೇಲೆ ಸಮೀಕರಣ

“ಮುಂಬಯಿಯಲ್ಲಿ ಜ್ವರ ಹೇಗೆ ಹರಡುತ್ತದೆ?” ಎಂಬುದು ಒಳ್ಳೆಯ ಕುತೂಹಲ, ಆದರೆ ಮಾದರಿಗೆ ಬೇಕಾದ ಪ್ರಶ್ನೆಯಲ್ಲ. ಉತ್ತರ ಯಾವ ರೂಪದಲ್ಲಿ ಬರಬೇಕು, ಅದರ ಅಳತೆಯ ಮಾನ ಯಾವುದು ಎಂಬುದು ಪ್ರಶ್ನೆಯಲ್ಲಿಯೇ ಇರಬೇಕು. ನಾವು ಹಿಡಿದ ಪ್ರಶ್ನೆ ಹೀಗಿತ್ತು: ಸಾವಿರ ಜನ ವಾಸಿಸುವ ಒಂದು ಚಾಳಿನಲ್ಲಿ (ಸಾಲುಕೋಣೆಗಳ ವಠಾರದಲ್ಲಿ) ಹತ್ತು ಮಂದಿಗೆ ಅಂಟುಜ್ವರ ಬಂದಿದ್ದರೆ, ಒಂದೇ ದಿನ ಹೆಚ್ಚೆಂದರೆ ಎಷ್ಟು ಮಂದಿ ಹಾಸಿಗೆ ಹಿಡಿದಿರುತ್ತಾರೆ, ಅದು ಎಷ್ಟನೆಯ ದಿನ? ಉತ್ತರವಾಗಿ ಒಂದು ಸಂಖ್ಯೆಯೂ ಒಂದು ದಿನವೂ ಬರಬೇಕು. ಇಷ್ಟು ಖಚಿತವಾದ ಮೇಲೆ ಏನನ್ನು ಬಿಡಬಹುದು ಎಂಬುದು ತಾನಾಗಿ ತಿಳಿಯುತ್ತದೆ. ವೈರಾಣುವಿನ ರಚನೆ, ರೋಗಿಯ ವಯಸ್ಸು, ಚಾಳಿನ ಮಹಡಿಗಳು ಇವೆಲ್ಲ ಸದ್ಯಕ್ಕೆ ಹೊರಗೆ. ಬಿಟ್ಟದ್ದನ್ನು ನೋಟ್‌ಬುಕ್ಕಿನ ಎಡಪುಟದಲ್ಲಿ ಒಂದೊಂದಾಗಿ ಬರೆದಿಡಬೇಕು. ಮುಂದೆ ಮಾದರಿ ತಪ್ಪಿದಾಗ ಮೊದಲು ತಿರುವಿ ನೋಡಬೇಕಾದ ಪುಟ ಅದೇ.

ಪೆಟ್ಟಿಗೆ, ಬಾಣ ಮತ್ತು ದರ

ಈಗ ಕಾಗದದ ಮೇಲೆ ಮೂರು ಪೆಟ್ಟಿಗೆ ಬರೆಯಿರಿ. ಮೊದಲನೆಯದು ಸೋಂಕು ತಗಲಬಲ್ಲವರದು, ಎರಡನೆಯದು ಸೋಂಕಿತರದು, ಮೂರನೆಯದು ಗುಣವಾಗಿಯೋ ಸತ್ತೋ ಸೋಂಕಿನ ಆಟದಿಂದ ಹೊರಬಿದ್ದವರದು. ಇಂಗ್ಲಿಷಿನ ಸಸೆಪ್ಟಿಬಲ್, ಇನ್ಫೆಕ್ಟೆಡ್, ರಿಮೂವ್ಡ್ ಎಂಬ ಪದಗಳ ಮೊದಲ ಅಕ್ಷರಗಳಿಂದ ಇದನ್ನು ಎಸ್-ಐ-ಆರ್ ಮಾದರಿ ಎನ್ನುತ್ತಾರೆ. ಮೊದಲ ಪೆಟ್ಟಿಗೆಯಿಂದ ಎರಡನೆಯದಕ್ಕೆ ಒಂದು ಬಾಣ, ಎರಡರಿಂದ ಮೂರಕ್ಕೆ ಇನ್ನೊಂದು ಬಾಣ. ಪ್ರತಿ ಬಾಣದ ಮೇಲೂ ಅದರ ದರವನ್ನು ಮೊದಲು ಮಾತಿನಲ್ಲಿ, ಬಳಿಕ ಚಿಹ್ನೆಯಲ್ಲಿ ಬರೆಯಬೇಕು. ಈ ಕ್ರಮವನ್ನು ಬಿಟ್ಟವರೇ ಮುಂದೆ ಹೆಚ್ಚು ಎಡವುತ್ತಾರೆಂದು ನನ್ನ ಅನುಭವ.

ಎರಡನೆಯ ಬಾಣ ಸುಲಭ. ಜ್ವರ ಸರಾಸರಿ ಐದು ದಿನ ಇರುತ್ತದೆಂದು ಹಿಡಿದರೆ, ದಿನಕ್ಕೆ ಸೋಂಕಿತರಲ್ಲಿ ಐದರಲ್ಲೊಂದು ಪಾಲು ಹೊರಬೀಳುತ್ತಾರೆ. ಈ ದರವನ್ನು ಗಾಮಾ ಎಂದು ಕರೆದರೆ, ಗಾಮಾ 0.2. ಮೊದಲನೆಯ ಬಾಣಕ್ಕೆ ಸ್ವಲ್ಪ ಯೋಚನೆ ಬೇಕು. ಸುತ್ತಲಿನವರೆಲ್ಲರೂ ಸೋಂಕು ತಗಲಬಲ್ಲವರೇ ಆಗಿದ್ದರೆ ಒಬ್ಬ ಸೋಂಕಿತ ದಿನಕ್ಕೆ ಸರಾಸರಿ ಎಷ್ಟು ಜನರಿಗೆ ಸೋಂಕು ದಾಟಿಸುತ್ತಾನೋ ಅದು ಬೀಟಾ, ಅದನ್ನು 0.4 ಎಂದು ಇಟ್ಟುಕೊಳ್ಳೋಣ. ಆದರೆ ಸುತ್ತಲಿನವರೆಲ್ಲ ಹಾಗಿರುವುದಿಲ್ಲವಾದ್ದರಿಂದ, ಬೀಟಾವನ್ನು ಸೋಂಕಿತರ ಸಂಖ್ಯೆಯಿಂದ ಗುಣಿಸಿ, ಬಂದದ್ದನ್ನು ಒಟ್ಟು ಜನರಲ್ಲಿ ತಗಲಬಲ್ಲವರ ಪಾಲಿನಿಂದ ಮತ್ತೆ ಗುಣಿಸಬೇಕು. ಅದೇ ದಿನದ ಹೊಸ ಸೋಂಕು. ಈ ಎರಡೂ ಅಂಕಿಗಳು ಅಭ್ಯಾಸಕ್ಕಾಗಿ ನಾವು ಆರಿಸಿಕೊಂಡವು, ಯಾವುದೇ ನಿಜರೋಗದ ಅಳತೆಗಳಲ್ಲ.

ಮೊದಲ ಬಾಣದೊಳಗೆ ಒಂದು ದೊಡ್ಡ ಊಹೆ ಸದ್ದಿಲ್ಲದೆ ಕುಳಿತಿದೆ: ಪ್ರತಿಯೊಬ್ಬನೂ ಉಳಿದ ಪ್ರತಿಯೊಬ್ಬನನ್ನೂ ಸಮನಾಗಿ ಭೇಟಿಯಾಗುತ್ತಾನೆ ಎಂಬುದು. ಒಂದೇ ಗ್ಯಾಲರಿ, ಒಂದೇ ನಲ್ಲಿ, ತೆರೆದೇ ಇರುವ ಬಾಗಿಲುಗಳ ಹಳೆಯ ಚಾಳಿಗೆ ಈ ಊಹೆ ಮಟ್ಟಸವಾಗಿ ಒಪ್ಪುತ್ತದೆ. ಎದುರು ಮನೆಯವರ ಹೆಸರೇ ತಿಳಿಯದ ಇಪ್ಪತ್ತು ಮಹಡಿಯ ಟವರಿಗೆ ಅಷ್ಟಾಗಿ ಒಪ್ಪುವುದಿಲ್ಲ. ಮಾದರಿ ಸರಿಯೋ ತಪ್ಪೋ ಎಂದು ಬಿಡಿಯಾಗಿ ಕೇಳುವುದರಲ್ಲಿ ಅರ್ಥವಿಲ್ಲ, ಯಾವ ಕಟ್ಟಡಕ್ಕೆ, ಯಾವ ಪ್ರಶ್ನೆಗೆ ಎಂದು ಸೇರಿಸಿಯೇ ಕೇಳಬೇಕು.

ಸ್ಪ್ರೆಡ್‌ಶೀಟಿನಲ್ಲಿ ಒಂದೊಂದೇ ದಿನ

ನೇರವಾಗಿ ಪೈಥಾನ್‌ಗೆ ಹೋಗಬೇಡಿ. ಲಿಬ್ರೆಆಫೀಸಿನ ಕ್ಯಾಲ್ಕ್ ಆಗಲಿ ಎಕ್ಸೆಲ್ ಆಗಲಿ ತೆರೆದು ದಿನ, ತಗಲಬಲ್ಲವರು, ಸೋಂಕಿತರು, ಹೊರಬಿದ್ದವರು, ಹೊಸ ಸೋಂಕು, ಹೊಸದಾಗಿ ಹೊರಬಿದ್ದವರು, ಒಟ್ಟು ಎಂದು ಏಳು ಕಾಲಂ ಮಾಡಿರಿ. ಸೊನ್ನೆಯ ದಿನ 990, 10, 0. ಅಂದಿನ ಹೊಸ ಸೋಂಕು 0.4 × 10 × 0.99, ಅಂದರೆ 3.96, ಹೊರಬಿದ್ದವರು 0.2 × 10, ಅಂದರೆ 2. ಹಾಗಾಗಿ ಮೊದಲ ದಿನದ ಸಾಲಿನಲ್ಲಿ 986.04, 11.96, 2 ಎಂದು ಬರುತ್ತದೆ. ಎರಡನೆಯ ದಿನ ಸೋಂಕಿತರು ಸುಮಾರು 14.3, ಮೂರನೆಯ ದಿನ ಸುಮಾರು 17. ಮೊದಲ ಮೂರು ಸಾಲುಗಳನ್ನು ಕೈಯಲ್ಲೇ ಲೆಕ್ಕ ಹಾಕಿ, ಆಮೇಲೆ ಸೂತ್ರವನ್ನು ಕೆಳಗೆ ಎಳೆಯಿರಿ. 11.96 ಜನ ಎಂದರೇನು ಎಂದು ನನ್ನ ಸೋದರಸೊಸೆ ಕೇಳಿದಳು. ಅದೊಂದು ಸರಾಸರಿ ಎಂದು ಆಗ ಹೇಳಿ ಮುಂದೆ ಸಾಗಿದೆ. ಆ ಪ್ರಶ್ನೆಗೆ ನಿಜವಾದ ಉತ್ತರ ಕೊಟ್ಟದ್ದು ಸಂಜೆ ತೆಗೆದ ದಾಳ.

ಕೊನೆಯ ಕಾಲಮ್ಮಿನಲ್ಲಿ ಒಟ್ಟು ಪ್ರತಿ ಸಾಲಿನಲ್ಲೂ 1000 ಇರಲೇಬೇಕು. ನಾನು ಮೊದಲ ಸಲ ಮಾಡಿದಾಗ ಹತ್ತನೆಯ ದಿನಕ್ಕೆ ಚಾಳಿನ ಜನಸಂಖ್ಯೆಯೇ ಏರಿಬಿಟ್ಟಿತ್ತು: ಹೊಸ ಸೋಂಕನ್ನು ಸೋಂಕಿತರಿಗೆ ಕೂಡಿಸಿದವನು ತಗಲಬಲ್ಲವರಿಂದ ಕಳೆಯಲು ಮರೆತಿದ್ದೆ. ಗ್ರಾಫ್ ಮಾತ್ರ ನೋಡಿದ್ದರೆ ಅದು ಕಾಣುತ್ತಲೇ ಇರಲಿಲ್ಲ, ಏಕೆಂದರೆ ಆ ತಪ್ಪು ಲೆಕ್ಕದ ಗೆರೆಯೂ ನಯವಾಗಿಯೇ ಏರುತ್ತಿತ್ತು.

ಸರಿಯಾಗಿ ಮಾಡಿದರೆ ಸೋಂಕಿತರ ಸಂಖ್ಯೆ 23ನೆಯ ದಿನ ಸುಮಾರು 166ಕ್ಕೆ ಏರಿ, 24ನೆಯ ದಿನದಿಂದ ಇಳಿಯತೊಡಗುತ್ತದೆ. ಆ ಸಾಲಿನ ಪಕ್ಕದ ಕಾಲಂ ನೋಡಿರಿ: 22ನೆಯ ದಿನ ತಗಲಬಲ್ಲವರು 523, 23ನೆಯ ದಿನ 489. ನಡುವೆ ಎಲ್ಲೋ 500 ದಾಟಿದೆ. ಇದು ಕಾಕತಾಳೀಯವಲ್ಲ. ಬೀಟಾವನ್ನು ಗಾಮಾದಿಂದ ಭಾಗಿಸಿದರೆ 2 ಬರುತ್ತದೆ. ಎಲ್ಲರೂ ತಗಲಬಲ್ಲವರಾಗಿದ್ದಾಗ ಒಬ್ಬ ಸೋಂಕಿತನಿಂದ ಒಟ್ಟು ಎರಡು ಸೋಂಕು ಎಂದು ಅದರ ಅರ್ಥ. ತಗಲಬಲ್ಲವರು ಅರ್ಧಕ್ಕೆ ಇಳಿದಾಗ ಒಬ್ಬನಿಂದ ಒಂದೇ ಸೋಂಕು, ಅಲ್ಲಿಂದಾಚೆ ಒಂದಕ್ಕಿಂತ ಕಡಿಮೆ. ಲಸಿಕೆಯನ್ನು ಈ ಚಿತ್ರದಲ್ಲಿ ಸೇರಿಸಬೇಕೆಂದರೆ ಮೊದಲ ಪೆಟ್ಟಿಗೆಯಿಂದ ಮೂರನೆಯದಕ್ಕೆ ನೇರ ಬಾಣ ಎಳೆದರಾಯಿತು. ಲಸಿಕೆ ಪೂರ್ತಿ ಫಲಿಸುವಂಥದಾಗಿದ್ದು, ಅರ್ಧಕ್ಕಿಂತ ಹೆಚ್ಚು ಜನ ಮೊದಲೇ ಆ ಬಾಣದ ಮೇಲೆ ದಾಟಿದ್ದರೆ ನಮ್ಮ ಚಾಳಿನಲ್ಲಿ ಜ್ವರ ಏರುವುದೇ ಇಲ್ಲ. ಇನ್ನೊಂದು ಸಂಗತಿಯನ್ನೂ ಗಮನಿಸಿರಿ: ಜ್ವರ ಪೂರ್ತಿ ಇಳಿದ ಮೇಲೂ ಸುಮಾರು 190 ಮಂದಿಗೆ ಅದು ತಗಲಿಯೇ ಇರುವುದಿಲ್ಲ. ತಗಲಬಲ್ಲವರೆಲ್ಲ ಮುಗಿದರೆಂದು ರೋಗ ನಿಲ್ಲುವುದಲ್ಲ, ಅವರು ವಿರಳವಾದರೆಂದು ನಿಲ್ಲುತ್ತದೆ.

ಈಗ ಒಂದು ಪರೀಕ್ಷೆ. ಒಂದು ದಿನದ ಹೆಜ್ಜೆಯ ಬದಲು ಅರ್ಧ ದಿನದ, ಕಾಲು ದಿನದ ಹೆಜ್ಜೆ ಇಟ್ಟು ಅದೇ ಲೆಕ್ಕವನ್ನು ಮತ್ತೆ ಮಾಡಿರಿ, ದರಗಳನ್ನೂ ಹೆಜ್ಜೆಯ ಉದ್ದದಿಂದ ಗುಣಿಸುವುದನ್ನು ಮರೆಯದೆ. ಶಿಖರ 166ರಿಂದ ಇಳಿಯುತ್ತ 158ರ ಕಡೆಗೆ ಸರಿಯುತ್ತದೆ, ಕೊನೆಯವರೆಗೂ ತಪ್ಪಿಸಿಕೊಂಡವರು 200ರ ಹತ್ತಿರಕ್ಕೆ ಬರುತ್ತಾರೆ. ಹೆಜ್ಜೆಯನ್ನು ಸೊನ್ನೆಯವರೆಗೆ ಕುಗ್ಗಿಸಿದಾಗ ಸಿಗುವುದೇ ಪಠ್ಯಪುಸ್ತಕದ ಅವಕಲ ಸಮೀಕರಣ (ಡಿಫರೆನ್ಷಿಯಲ್ ಈಕ್ವೇಶನ್). ಹಾಗಾದರೆ 166 ಮತ್ತು 158ರ ನಡುವಿನ ಎಂಟು ಮಂದಿ ರೋಗದವರಲ್ಲ, ನಮ್ಮ ಲೆಕ್ಕದ ಒರಟುತನದವರು. ಪೈಥಾನ್ ಬೇಕಾಗುವುದು ಇಲ್ಲಿಂದ ಮುಂದೆ. ಸೈಪೈ ಎಂಬ ಸಂಗ್ರಹದಲ್ಲಿರುವ ಸಾಲ್ವ್-ಐವಿಪಿ ಎಂಬ ಆದೇಶ ಹೆಜ್ಜೆಯ ಉದ್ದವನ್ನು ತಾನೇ ಹದ ಮಾಡಿಕೊಳ್ಳುತ್ತದೆ. ಸ್ಪ್ರೆಡ್‌ಶೀಟಿನ ಕೆಲಸವೇ ಹೊಸದಾಗಿದ್ದರೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಪಾಠಗಳನ್ನು ಕೇಳಬಹುದು, ಅವು ಕನ್ನಡದ ಧ್ವನಿಯಲ್ಲೂ ಸಿಗುತ್ತವೆ.

ದಾಳ ಉರುಳಿಸುವುದು

ಸರಾಸರಿಯ ಲೆಕ್ಕಕ್ಕೆ ಜೂಜು ತಿಳಿಯದು, ಜೀವಲೋಕಕ್ಕೆ ತಿಳಿದಿದೆ. ಚಾಳಿನಲ್ಲಿ ಹತ್ತರ ಬದಲು ಒಬ್ಬನೇ ಸೋಂಕಿತನಿದ್ದಾನೆ ಎನ್ನಿ. ಮುಂದಿನ ಘಟನೆ ಎರಡರಲ್ಲೊಂದು: ಹೊಸ ಸೋಂಕು ಅಥವಾ ಹೊರಬೀಳುವಿಕೆ. ದರಗಳು 0.4 ಮತ್ತು 0.2 ಆದ್ದರಿಂದ, ಎಲ್ಲರೂ ಹೆಚ್ಚುಕಡಿಮೆ ತಗಲಬಲ್ಲವರೇ ಆಗಿರುವ ಆರಂಭದ ಹಂತದಲ್ಲಿ, ಹೊಸ ಸೋಂಕಿನ ಸಂಭವ ಮೂರರಲ್ಲಿ ಎರಡು. ದಾಳದಲ್ಲಿ 1ರಿಂದ 4 ಬಿದ್ದರೆ ಸೋಂಕಿತರಿಗೆ ಒಬ್ಬನನ್ನು ಕೂಡಿಸಿ, 5 ಅಥವಾ 6 ಬಿದ್ದರೆ ಒಬ್ಬನನ್ನು ಕಳೆಯಿರಿ. ಸಂಖ್ಯೆ ಸೊನ್ನೆಯಾದರೆ ರೋಗ ಆರಿತು, ಇಪ್ಪತ್ತು ಮುಟ್ಟಿದರೆ ಹಬ್ಬಿತು ಎಂದು ಬರೆದುಕೊಳ್ಳಿರಿ. ಸೊಸೆ ಮೊದಲ ಸಲ ಉರುಳಿಸಿದಾಗ 6 ಬಿತ್ತು, ಅಲ್ಲಿಗೇ ಚಾಳಿನ ಜ್ವರ ಮುಗಿಯಿತು.

ಈ ಆಟವನ್ನು ನೂರಾರು ಸಲ ಆಡಿದರೆ ಸರಿಸುಮಾರು ಅರ್ಧ ಸಲ ರೋಗ ತಾನಾಗಿಯೇ ಆರುತ್ತದೆ. ಕಾಗದದ ಲೆಕ್ಕವೂ ಅದನ್ನೇ ಹೇಳುತ್ತದೆ: ಆರುವ ಸಂಭವ ಗಾಮಾ ಭಾಗಿಸು ಬೀಟಾ, ಅಂದರೆ ಅರ್ಧ. ಸ್ಪ್ರೆಡ್‌ಶೀಟು ಮಾತ್ರ ಪ್ರತಿ ಸಲವೂ ಏರುವ ಗೆರೆಯನ್ನೇ ತೋರಿಸುತ್ತಿತ್ತು. ಹತ್ತು ಮಂದಿಯಿಂದ ಶುರುವಾದರೆ, ರೋಗ ಆರಲು ಒಬ್ಬೊಬ್ಬನಿಂದ ಹೊರಟ ಹತ್ತು ಸೋಂಕಿನ ಸರಣಿಗಳೂ ಆರಬೇಕು. ಅದರ ಸಂಭವ ಅರ್ಧವನ್ನು ಹತ್ತು ಸಲ ಗುಣಿಸಿದಷ್ಟು, 1024ರಲ್ಲಿ ಒಂದು. ನಾವು ಹತ್ತರಿಂದ ಆರಂಭಿಸಿದ್ದಕ್ಕೆ ಕಾರಣ ಇದೇ. ಸಂಖ್ಯೆಗಳು ಚಿಕ್ಕದಾಗಿರುವಲ್ಲೆಲ್ಲ, ಅದು ಒಂದು ಜೀವಕೋಶದೊಳಗಿನ ಬೆರಳೆಣಿಕೆಯ ಅಣುಗಳಿರಲಿ, ದ್ವೀಪವೊಂದರಲ್ಲಿ ಉಳಿದ ಐದಾರು ಪ್ರಾಣಿಗಳಿರಲಿ, ಸರಾಸರಿಯ ಸಮೀಕರಣ ಮೋಸ ಮಾಡುತ್ತದೆ. ಮುಂದಿನ ಘಟನೆ ಯಾವುದು, ಅದು ಎಷ್ಟು ಹೊತ್ತಿಗೆ ಎಂಬ ಎರಡನ್ನೂ ಯಾದೃಚ್ಛಿಕವಾಗಿ ಆರಿಸುತ್ತ ಹೋಗುವ ಕ್ರಮವನ್ನು ಡೇನಿಯಲ್ ಗಿಲೆಸ್ಪಿ ರಾಸಾಯನಿಕ ಕ್ರಿಯೆಗಳಿಗಾಗಿ 1970ರ ದಶಕದಲ್ಲಿ ರೂಪಿಸಿದರು. ಕಂಪ್ಯೂಟರಿನಲ್ಲಿ ನೀವು ಬರೆಯಬೇಕಾದದ್ದು ಅದನ್ನೇ, ಆದರೆ ದಾಳದಲ್ಲಿ ಒಮ್ಮೆ ಆಡಿದವರಿಗೆ ಆ ಇಪ್ಪತ್ತು ಸಾಲಿನ ಪ್ರೋಗ್ರಾಂ ತಾನಾಗಿ ಬರುತ್ತದೆ.

ನಿಜವಾದ ಅಂಕಿಗಳ ಮುಂದೆ: ಮುಂಬಯಿ, 1905–06

ಇಲ್ಲಿಯವರೆಗಿನದು ಅಭ್ಯಾಸ, ಇನ್ನು ಮುಂದಿನದು ಪರೀಕ್ಷೆ. ಅದಕ್ಕೆ ದೂರ ಹೋಗಬೇಕಿಲ್ಲ. ಈ ಮಾದರಿಯನ್ನು ಮೊದಲು ನಿಜವಾದ ಅಂಕಿಗಳ ಮೇಲೆ ಇಟ್ಟು ನೋಡಿದ್ದೇ ನಮ್ಮ ಮುಂಬಯಿಯ ಸಾವಿನ ಲೆಕ್ಕದ ಮೇಲೆ. 1896ರಲ್ಲಿ ಮಾಂಡ್ವಿಯ ಕಡೆ ಕಾಣಿಸಿಕೊಂಡ ಪ್ಲೇಗು ಈ ನಗರವನ್ನು ವರ್ಷ ವರ್ಷ ಕಾಡಿತು. ಹಾಫ್‌ಕಿನ್ ಎಂಬ ವಿಜ್ಞಾನಿ ತಾನು ತಯಾರಿಸಿದ ಲಸಿಕೆಯನ್ನು 1897ರ ಜನವರಿಯಲ್ಲಿ ಮೊದಲು ತನಗೇ ಚುಚ್ಚಿಕೊಂಡದ್ದು ಇಲ್ಲಿಯೇ. ಪರೇಲಿನ ಸಂಸ್ಥೆಗೆ ಇಂದಿಗೂ ಅವನ ಹೆಸರಿದೆ. ಚಾಳುಗಳ ಒತ್ತಡ ತಗ್ಗಿಸಲೆಂದು 1898ರಲ್ಲಿ ನಗರ ಸುಧಾರಣಾ ಟ್ರಸ್ಟು ಹುಟ್ಟಿದ್ದೂ ಇದೇ ಪ್ಲೇಗಿನ ಬೆನ್ನಿಗೆ. 1927ರಲ್ಲಿ ಎಡಿನ್‌ಬರಾದ ಇಬ್ಬರು ಸೇರಿ ಸಾಂಕ್ರಾಮಿಕಗಳ ಗಣಿತದ ಬಗ್ಗೆ ಪ್ರಸಿದ್ಧ ಪ್ರಬಂಧವೊಂದನ್ನು ಪ್ರಕಟಿಸಿದರು. ಒಬ್ಬರು ಕರ್ಮ್ಯಾಕ್, 1924ರಲ್ಲಿ ಪ್ರಯೋಗಾಲಯದ ಅಪಘಾತದಲ್ಲಿ ಕಣ್ಣು ಕಳೆದುಕೊಂಡಿದ್ದ ರಸಾಯನವಿಜ್ಞಾನಿ. ಇನ್ನೊಬ್ಬರು ಮೆಕೆಂಡ್ರಿಕ್, ಭಾರತೀಯ ವೈದ್ಯಕೀಯ ಸೇವೆಯಲ್ಲಿದ್ದು ಕಸೌಲಿಯ ಪಾಶ್ಚರ್ ಸಂಸ್ಥೆಯಲ್ಲಿ ದುಡಿದಿದ್ದ ವೈದ್ಯರು.

ಅವರು ತೆಗೆದುಕೊಂಡದ್ದು 1905ರ ಡಿಸೆಂಬರ್ 17ರಿಂದ 1906ರ ಜುಲೈ 21ರವರೆಗೆ ಮುಂಬಯಿ ದ್ವೀಪದಲ್ಲಿ ವಾರವಾರವೂ ಪ್ಲೇಗಿನಿಂದ ಸತ್ತವರ ಸಂಖ್ಯೆ. ರೋಗ ತಗಲಿದವರಲ್ಲಿ ಬಹುಪಾಲು ಜನ ಸಾಯುತ್ತಿದ್ದುದರಿಂದ, ಸಾವನ್ನೇ ಮೂರನೆಯ ಪೆಟ್ಟಿಗೆಗೆ ಬೀಳುವವರ ಲೆಕ್ಕವೆಂದು ಹಿಡಿದರು. ಸಮೀಕರಣವನ್ನು ಸ್ವಲ್ಪ ಸರಳಗೊಳಿಸಿದಾಗ ದೊರೆತದ್ದು ಗಂಟೆಯಾಕಾರದ ಒಂದು ಗೆರೆ. ವಾರಗಳನ್ನು ‘ಟಿ’ ಎಂದು ಕರೆದರೆ, 0.2 ಟಿ ಯಿಂದ 3.4 ಕಳೆದು, ಅದರ ಹೈಪರ್ಬಾಲಿಕ್ ಸೀಕೆಂಟನ್ನು (ಸ್ಪ್ರೆಡ್‌ಶೀಟಿನ COSH ಸೂತ್ರದಿಂದ 1ನ್ನು ಭಾಗಿಸಿದಾಗ ಬರುವುದನ್ನು) ವರ್ಗ ಮಾಡಿ 890ರಿಂದ ಗುಣಿಸಬೇಕು. ಈ ಗೆರೆ ವಾರದ ಅಂಕಿಗಳ ಮೇಲೆ ಬಹಳ ಚೆನ್ನಾಗಿ ಕೂಡುತ್ತದೆ. ಇದನ್ನು ನೀವೇ ಹಾಕಿ ನೋಡಿರಿ. ಶಿಖರ 17ನೆಯ ವಾರದಲ್ಲಿ, ಅಂದರೆ ಏಪ್ರಿಲ್ ನಡುವಿನಲ್ಲಿ, ವಾರಕ್ಕೆ 890 ಸಾವು. ಗೆರೆಯ ಕೆಳಗಿನ ಒಟ್ಟು ಕ್ಷೇತ್ರಫಲ 8,900 ಸಾವು. ಆರಂಭದ ವಾರಗಳಲ್ಲಿ ಸಾವು ವಾರಕ್ಕೆ 0.4ರ ಘಾತದರದಲ್ಲಿ ಏರುತ್ತದೆ, ಅಂದರೆ ಹನ್ನೆರಡು ದಿನಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಯಾವ ರೋಗದ ಅಂಕಿ ಸಿಕ್ಕಿದರೂ ಮೊದಲು ಲಾಗರಿದಮ್ ಅಕ್ಷದ ಮೇಲೆ ಗ್ರಾಫ್ ಹಾಕಿರಿ. ಆರಂಭದ ಚುಕ್ಕೆಗಳು ಸರಳರೇಖೆಯಲ್ಲಿ ಬಿದ್ದರೆ ಅದರ ಇಳಿಜಾರೇ ಈ ದರ. ಅಂಕಿಗಳು ವಾರದ್ದೋ ದಿನದ್ದೋ ಎಂದು ಎರಡು ಸಲ ನೋಡಿರಿ. ನಾವು ಚಾಳಿನ ದಿನದ ದರಗಳನ್ನೇ ಇಲ್ಲಿ ತುರುಕಿ ಒಂದು ಮಧ್ಯಾಹ್ನ ಕಳೆದೆವು.

ಗೆರೆ ಕೂಡಿತು. ಹಾಗಾದರೆ ಬೀಟಾ, ಗಾಮಾ ಎಷ್ಟು? ಇಲ್ಲಿಯೇ ಜಾರುವುದು. ಮಾದರಿಯಲ್ಲಿ ತಿಳಿಯದ ಸಂಖ್ಯೆಗಳು ನಾಲ್ಕು: ಬೀಟಾ, ಗಾಮಾ, ಆರಂಭದ ತಗಲಬಲ್ಲವರು, ಆರಂಭದ ಸೋಂಕಿತರು. ಗೆರೆ ಕೊಡುವುದು ಮೂರೇ ಸಂಖ್ಯೆ: 890, 0.2, 3.4. ಮೂರು ಸುಳಿವಿನಿಂದ ನಾಲ್ಕು ಗುಟ್ಟು ಬಿಡಿಸಲಾಗದು. ರೋಗಿಯೊಬ್ಬ ಸರಾಸರಿ ಒಂದು ವಾರ ಸೋಂಕು ಹರಡುತ್ತಾನೆಂದು ಹಿಡಿದು ಅವರ ಸರಳ ಸೂತ್ರದಲ್ಲಿ ಹಿಂದಕ್ಕೆ ಲೆಕ್ಕ ಹಾಕಿದರೆ ಆರಂಭದಲ್ಲಿ ತಗಲಬಲ್ಲವರು ಸುಮಾರು 22 ಸಾವಿರ ಎಂದು ಬರುತ್ತದೆ. ಅರ್ಧ ವಾರವೆಂದು ಹಿಡಿದರೆ ಸುಮಾರು 32 ಸಾವಿರ. ಎರಡಕ್ಕೂ ಗೆರೆ ಒಂದೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಆಗಿನ ಮುಂಬಯಿಯ ಜನಸಂಖ್ಯೆಯಾದರೋ ಹತ್ತು ಲಕ್ಷದ ಆಸುಪಾಸು. ಉಳಿದ ಒಂಬತ್ತೂವರೆ ಲಕ್ಷಕ್ಕೂ ಹೆಚ್ಚಿನ ಜನಕ್ಕೆ ಪ್ಲೇಗು ತಗಲುವಂತೆಯೇ ಇರಲಿಲ್ಲವೆಂದು ನಂಬಲು ಯಾವ ಆಧಾರವಿದೆ?

ಇದಕ್ಕಿಂತ ಆಳದ ತೊಡಕು ಪೆಟ್ಟಿಗೆಗಳಲ್ಲೇ ಇದೆ. ಗಡ್ಡೆ ಪ್ಲೇಗು ಮನುಷ್ಯನಿಂದ ಮನುಷ್ಯನಿಗೆ ನೇರವಾಗಿ ಹರಡುವುದಲ್ಲ. ಇಲಿ ಸಾಯುತ್ತದೆ, ಅದರ ಮೈಮೇಲಿನ ಚಿಗಟ ಹಸಿದು ಮನುಷ್ಯನನ್ನು ಕಚ್ಚುತ್ತದೆ. ಚಿಗಟದ ಬಾಳು ಉಷ್ಣತೆ ಮತ್ತು ತೇವಾಂಶವನ್ನು ಅವಲಂಬಿಸಿದೆ. ಮುಂಬಯಿಯ ಪ್ಲೇಗು ಚಳಿಗಾಲದಲ್ಲಿ ಏರಿ ಮಳೆಯ ಹೊತ್ತಿಗೆ ಇಳಿಯುತ್ತಿದ್ದುದು ಒಂದು ವರ್ಷದ ಕಥೆಯಲ್ಲ, ವರ್ಷ ವರ್ಷದ ಕಥೆ. ಹಾಗಿರುವಾಗ ಮೇ-ಜೂನಿನ ಇಳಿತಕ್ಕೆ ಕಾರಣ ತಗಲಬಲ್ಲವರು ವಿರಳವಾದದ್ದೋ, ಋತು ಬದಲಾದದ್ದೋ? ಒಂದೇ ವರ್ಷದ ಗೆರೆ ನೋಡಿ ಇದನ್ನು ಹೇಳುವಂತಿಲ್ಲ. ಆ ಇಬ್ಬರು ಲೇಖಕರಿಗೂ ಇದು ತಿಳಿದಿತ್ತು. ಮನುಷ್ಯರ ಪ್ಲೇಗು ಇಲಿಗಳ ಪ್ಲೇಗಿನ ಪ್ರತಿಬಿಂಬವೆಂದು, ಇಲಿಗಳೆಲ್ಲಕ್ಕೂ ಸೋಂಕಿನ ಸಂಭವ ಸಮನೆಂದು, ದರಗಳು ಬದಲಾಗವೆಂದು ತಾವು ಊಹಿಸಿರುವುದನ್ನೂ, ಇವುಗಳಲ್ಲಿ ಯಾವುದೂ ಪೂರ್ತಿ ನಿಜವಲ್ಲವಾದ್ದರಿಂದ ಸಮೀಕರಣ ಬಹಳ ಸ್ಥೂಲವೆಂಬುದನ್ನೂ ಅವರು ಅದೇ ಪ್ರಬಂಧದಲ್ಲಿ ಬರೆದಿದ್ದಾರೆ. ಮುಂದಿನ ತಲೆಮಾರುಗಳ ಪಠ್ಯಗಳು ಚಿತ್ರವನ್ನು ಎತ್ತಿಕೊಂಡು ಈ ಸಾಲುಗಳನ್ನು ಕೈಬಿಟ್ಟವು ಎನ್ನುವುದು ನನಗೆ ಬೇಸರದ ಸಂಗತಿ.

ಆದ್ದರಿಂದ ನಿಮ್ಮ ಮಾದರಿಯ ಗೆರೆ ಅಂಕಿಗಳ ಮೇಲೆ ಚೆನ್ನಾಗಿ ಕೂತ ದಿನವೇ ಮೂರು ಕೆಲಸ ಬಾಕಿ ಇರುತ್ತವೆ. ಪ್ರತಿ ನಿಯತಾಂಕವನ್ನೂ (ಬೀಟಾ, ಗಾಮಾದಂಥ ಸಂಖ್ಯೆಯನ್ನು) ಹತ್ತು ಪ್ರತಿಶತ ಹೆಚ್ಚಿಸಿ, ಹತ್ತು ಪ್ರತಿಶತ ತಗ್ಗಿಸಿ ಉತ್ತರ ಎಷ್ಟು ಅಲುಗುತ್ತದೆಂದು ನೋಡಬೇಕು. ಅಲುಗದಿದ್ದರೆ ಆ ನಿಯತಾಂಕದ ಬಗ್ಗೆ ಅಂಕಿಗಳು ಏನನ್ನೂ ಹೇಳುತ್ತಿಲ್ಲ. ಎರಡು ಬೇರೆ ನಿಯತಾಂಕಗಳ ಜೋಡಿ ಅದೇ ಗೆರೆ ಕೊಡುತ್ತದೆಯೇ ಎಂದು ಹುಡುಕಬೇಕು. ಕೊಟ್ಟರೆ ಅವುಗಳಲ್ಲೊಂದನ್ನು ಬೇರೆ ಮೂಲದಿಂದ, ಉದಾಹರಣೆಗೆ ಆಸ್ಪತ್ರೆಯ ದಾಖಲೆಯಿಂದಲೋ ಪ್ರಯೋಗಾಲಯದಿಂದಲೋ, ಅಳೆದು ತರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಗೆರೆ ಕೂಡಿಸಲು ಬಳಸದ ಅಂಕಿಗಳನ್ನು ಮಾದರಿ ಮುಂಚೆಯೇ ಹೇಳಬಲ್ಲದೇ ಎಂದು ನೋಡಬೇಕು. 1906ರ ಗೆರೆಯಿಂದ ಹೊರಟು 1907ರ ಚಳಿಗಾಲಕ್ಕೆ ಹೋದರೆ ಮೂರು ಪೆಟ್ಟಿಗೆಯ ಮಾದರಿ ಬಾಯಿ ಮುಚ್ಚಿಕೊಳ್ಳುತ್ತದೆ, ಏಕೆಂದರೆ ಅದರ ಲೆಕ್ಕದಲ್ಲಿ ರೋಗ ಆಗಲೇ ಮುಗಿದಿದೆ.

ಪುಣೆಗೆ ಹೊರಡುವ ಹಿಂದಿನ ರಾತ್ರಿ ಸೊಸೆ ಹೊಸ ಹಾಳೆಯಲ್ಲಿ ಇಲಿಗಳಿಗೆ ಮೂರು ಪೆಟ್ಟಿಗೆ, ಚಿಗಟಕ್ಕೆ ಒಂದು ಪೆಟ್ಟಿಗೆ, ಮನುಷ್ಯರಿಗೆ ಮೂರು ಪೆಟ್ಟಿಗೆ ಬರೆದು, ಚಿಗಟದ ಪೆಟ್ಟಿಗೆಯ ದರ ಹನ್ನೆರಡು ತಿಂಗಳಿಗೊಮ್ಮೆ ಏರಿಳಿಯುವಂತೆ ಒಂದು ಕೊಸೈನ್ ಸೇರಿಸಿದಳು. ಬಾಣಗಳು ಎಂಟಾದವು, ತಿಳಿಯದ ಸಂಖ್ಯೆಗಳು ಹನ್ನೊಂದು. ಎಡಪುಟ ತೆರೆದು ಆ ಹನ್ನೊಂದರ ಎದುರಿಗೆ ಯಾವುದನ್ನು ಎಲ್ಲಿಂದ ಅಳೆಯಬಹುದೆಂದು ಬರೆಯತೊಡಗಿದಾಗ, ಏಳರ ಎದುರು ಅವಳ ಪೆನ್ಸಿಲ್ ನಿಂತಿತು. ಅವಳ ಮುಂದಿನ ಆರು ತಿಂಗಳ ಪ್ರಾಜೆಕ್ಟ್ ಈಗ ಆ ಏಳು ಖಾಲಿ ಸಾಲುಗಳು.